ಅಕ್ಕನ ಗಿರಣಿ ಮುಂದಿನ ಶಾಂತಿ

ನಮ್ಮಕ್ಕನ ಗಿರಣಿ ಮುಂದೆ ಈಗ ಭಾರೀ ಶಾಂತಿ ಇದೆ. ಆ ಶಾಂತಿ ತಂದವನು ನಾನೇ ಅಂತ ಗಲ್ಲಿಯ ಎರಡೂ ತುದಿಯವರು ಇವತ್ತಿಗೂ ನಂಬಿದ್ದಾರೆ. ಒಂದು ತುದಿಯವರು ಕಂಡರೆ ನಮಸ್ಕಾರ, ಇನ್ನೊಂದು ತುದಿಯವರು ಕಂಡರೆ ಸಲಾಂ. ಬೆಂಕಿ ಹಚ್ಚಲಿ ಆ ನಮಸ್ಕಾರಕ್ಕೂ ಸಲಾಮಿಗೂ! ಯಾರಾದರೂ ಹೊಗಳಿದರೆ ಖುಷಿಯಾಗಬೇಕು. ನನಗೆ ಮೈಯೆಲ್ಲ ಉರಿಯುತ್ತದೆ.

ಹೈದರಾಬಾದಿನ ಮೆಹದಿಪಟ್ಟಣಂ ಬಸ್ ನಿಲ್ದಾಣದ ಗದ್ದಲ ಬಿಟ್ಟು ಒಳಗೆ ಸ್ವಲ್ಪ ನಡೆದರೆ ಆ ಗಲ್ಲಿ. ಅದರ ನಡುವಿನ ತಿರುವಿನಲ್ಲಿ ಒಂದು ಸಣ್ಣ ಬಯಲು, ಬಯಲಿಗೆ ಮುಖ ಮಾಡಿ ಅಕ್ಕನ ಹಿಟ್ಟಿನ ಗಿರಣಿ. ಕಲಬುರಗಿ ಕಡೆಯಿಂದ ಬಂದ ನಮ್ಮ ಭಾವ ಹಾಕಿದ್ದು. ಅವರು ತೀರಿಕೊಂಡಾಗ ನಾನು, "ಸಾಕು ಅಕ್ಕಾ, ಗಿರಣಿ ಮುಚ್ಚಿ ನಮ್ಮ ಮನಿಗೆ ಬಾ" ಅಂದಿದ್ದೆ. "ತಮ್ಮನ ಮನ್ಯಾಗ ಕುಂತು ಉಣ್ಣಾಕ ನನ್ನ ಕೈಕಾಲೇನು ಬಿದ್ದುಹೋಗ್ಯಾವೇನು?" ಅಂತ ನನ್ನ ಮೇಲೇ ಹರಿಹಾಯ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಷಿನ್ನಿಗೆ ಪಟ್ಟಾ ಏರಿಸುವುದನ್ನೂ, ಸವೆದ ಕಲ್ಲಿಗೆ ಯಾವಾಗ ಟಾಕಿ ಹೊಡೆಸಿ ಹಲ್ಲು ಮೂಡಿಸಬೇಕು ಅನ್ನುವುದನ್ನೂ ಕಲಿತಳು. ಮಗಳನ್ನು ಅದೇ ಗಿರಣಿಯ ಮೇಲೆ ಓದಿಸಿ ಲಾತೂರಿಗೆ ಮದುವೆ ಮಾಡಿಕೊಟ್ಟಳು. ಯಾರ ಮುಂದೆಯೂ ಕೈ ಚಾಚಲಿಲ್ಲ. ನನ್ನ ಮುಂದಂತೂ ಇಲ್ಲವೇ ಇಲ್ಲ.

ಜೋಳದ ಹಿಟ್ಟಿನ ಸ್ವಭಾವ ನಿಮಗೆ ಗೊತ್ತಿರಬಹುದು. ಹಳೆಯದಾದರೆ ಜಿಗಿ ಹೋಗುತ್ತದೆ, ತಟ್ಟುವಾಗಲೇ ರೊಟ್ಟಿ ಹರಿಯುತ್ತದೆ. ಹಾಗಾಗಿ ನಮ್ಮ ಕಡೆಯ ಹೆಂಗಸರು ಎರಡು ಮೂರು ದಿನಕ್ಕೊಮ್ಮೆ ಡಬ್ಬಿ ಹಿಡಿದುಕೊಂಡು ಬರಲೇಬೇಕು. ಬುರ್ಖಾದವರೂ ಅದೇ ಜೋಳವನ್ನು 'ಜವಾರಿ' ಅಂತ ಕರೆದು ಬೀಸಿಸಿಕೊಂಡು ಹೋಗುತ್ತಿದ್ದರು. ರಂಜಾನ್ ಬಂತೆಂದರೆ ಬಜ್ಜಿಗೆ ಕಡಲೆಬೇಳೆ ತರುತ್ತಿದ್ದರು. ಗಿರಣಿ ಮುಂದಿನ ಕಟ್ಟೆಯ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ಸೊಸೆಯಂದಿರನ್ನು ಬೈಯುತ್ತಿದ್ದರು. ಆ ವಿಷಯದಲ್ಲಿ ಯಾವ ಭೇದವೂ ಇರಲಿಲ್ಲ.

ಗಲ್ಲಿಯ ಒಂದು ತುದಿಯಲ್ಲಿ ಗಣಪತಿ ಕೂರಿಸುತ್ತಾರೆ. ಇನ್ನೊಂದು ತುದಿಯಲ್ಲಿ ಮಸೀದಿ. ಒಂದು ವರ್ಷ ಗಣಪತಿಯ ಹುಡುಗರು ಗಿರಣಿ ಪಕ್ಕದ ವಿದ್ಯುತ್ ಕಂಬಕ್ಕೆ ಕೇಸರಿ ಬಾವುಟ ಕಟ್ಟಿದರು. ಈದ್ ಮಿಲಾದಿನ ಹೊತ್ತಿಗೆ ಎದುರಿನ ಕಂಬಕ್ಕೆ ಹಸಿರು ಬಾವುಟ ಬಂತು, ಒಂದು ಗೇಣು ಮೇಲೆ. ಮರುವರ್ಷ ಇವರು ಬಿದಿರು ಕಟ್ಟಿ ಏರಿಸಿದರು. ಅವರು ಕಬ್ಬಿಣದ ಪೈಪು ತಂದರು. ಬಾವುಟ ಇನ್ನು ಮೇಲೆ ಹೋಗಲು ತಂತಿ ಅಡ್ಡ ಬಂದಾಗ ಸ್ಪೀಕರ್ ಬಾಕ್ಸುಗಳು ಶುರುವಾದವು. ಇವರು ನಾಲ್ಕು ತಂದರೆ ಅವರು ಆರು. ಗಿರಣಿಯ ಮಷಿನ್ ಸದ್ದು ಅಕ್ಕನಿಗೇ ಕೇಳದಷ್ಟು ಸದ್ದು. ಯಾರನ್ನೇ ಕೇಳಿ, ಒಂದೇ ಮಾತು: "ನಾವಾಗಿ ಯಾರ ತಂಟೆಗೂ ಹೋಗಲ್ಲ ಸಾರ್. ಅವರು ಮಾಡಿದಾಗ ನಾವು ಸುಮ್ಮನಿದ್ದರೆ ಹೇಗೆ?"

ನನಗೆ ಈ ಮಾತು ಬಾಯಿಪಾಠ. ಹೊಟ್ಟೆಪಾಡಿಗೆ ನಾನು ಹೇಳಿಕೊಡುವುದೂ ಅದನ್ನೇ. ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಕೂರುವವರಿಗೆ ರಾಜ್ಯಶಾಸ್ತ್ರ ಹೇಳುತ್ತೇನೆ. ದೇಶಗಳ ಮೇಲೆ ಪೊಲೀಸರಿಲ್ಲ, ಆದ್ದರಿಂದ ಪ್ರತಿ ದೇಶವೂ ಪಕ್ಕದವನಿಗೆ ಹೆದರಿ ಆಯುಧ ಕೊಳ್ಳುತ್ತದೆ, ಅದನ್ನು ನೋಡಿ ಪಕ್ಕದವನೂ ಹೆದರಿ ಕೊಳ್ಳುತ್ತಾನೆ, ಯಾರಿಗೂ ಯುದ್ಧ ಬೇಡದಿದ್ದರೂ ಯುದ್ಧ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಇದಕ್ಕೆ ವಾಸ್ತವವಾದ ಅಂತ ಹೆಸರು. ಮೊದಲು ವ್ಯವಸ್ಥೆ, ನ್ಯಾಯ ಆಮೇಲೆ. ಹೆಣ ಬಿದ್ದ ಮೇಲೆ ನ್ಯಾಯ ಯಾರಿಗೆ ಕೊಡುತ್ತೀರಿ ಅಂತ ನಾನು ಬೋರ್ಡಿಗೆ ಸೀಮೆಸುಣ್ಣ ಕುಟ್ಟಿ ಕೇಳಿದರೆ ಇಡೀ ಕ್ಲಾಸು ತಲೆ ಆಡಿಸುತ್ತದೆ. ನಾನೂ ಅದನ್ನು ನಂಬಿಯೇ ಹೇಳುತ್ತಿದ್ದೆ. ಈಗಲೂ ನಂಬುತ್ತೇನೋ ಏನೋ, ಯಾರಾದರೂ ಕೇಳಿದರೆ ಸಿಟ್ಟು ಬರುತ್ತದೆ.

ಒಂದು ವರ್ಷ ಎರಡೂ ಹಬ್ಬ ಹತ್ತಿರ ಹತ್ತಿರ ಬಂದವು. ಯಾರ ಬಾವುಟದ ಹಗ್ಗ ಯಾರು ಬಿಚ್ಚಿದರೋ, ತಿರುವಿನಲ್ಲಿ ಹುಡುಗರು ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದಾಡಿಕೊಂಡರು. ಎರಡೂ ಕಡೆ ತಲೆಗಳಿಗೆ ಹೊಲಿಗೆ ಬಿತ್ತು. ಅಕ್ಕನ ಶಟರಿಗೆ ಕಲ್ಲು ಬಿದ್ದು ತಗ್ಗಾಯಿತು. ಒಳಗೆ ಡಬ್ಬಿ ಇಟ್ಟುಕೊಂಡು ಕುಳಿತಿದ್ದ ಹೆಂಗಸರನ್ನು ಅಕ್ಕ ಹಿಟ್ಟಿನ ಚೀಲಗಳ ಹಿಂದೆ ಕೂರಿಸಿ, ತಾನು ಶಟರಿಗೆ ಬೆನ್ನು ಕೊಟ್ಟು ನಿಂತಿದ್ದಳಂತೆ. ಸುದ್ದಿ ತಿಳಿದು ನಾನು ಕ್ಲಾಸು ಬಿಟ್ಟು ಮೆಟ್ರೊ, ಆಮೇಲೆ ಆಟೊ ಹತ್ತಿ ಓಡಿ ಬಂದಾಗ ಅವಳು ಕಟ್ಟೆಯ ಮೇಲೆ ಕುಳಿತು ನೀರು ಕುಡಿಯುತ್ತಿದ್ದಳು.

"ಏನಾಗಿಲ್ಲ ತಗೋ. ಜ್ವಾಳ ಚೆಲ್ಲ್ಯಾವ, ಅಷ್ಟ," ಅಂದಳು.

ಹಬ್ಬ ಬಂದರೆ ಹೈದರಾಬಾದಿನಲ್ಲಿ ಪ್ರತಿ ಠಾಣೆಯವರೂ ಶಾಂತಿ ಸಮಿತಿ ಕರೆಯುವುದು ಪದ್ಧತಿ. ಎರಡೂ ಕಡೆಯ ಹಿರಿಯರು, ಮುಖಂಡರು, ಒಬ್ಬಿಬ್ಬರು ಡಾಕ್ಟರು, ಮೇಷ್ಟರು. ಆ ಸಲ ನನಗೂ ಕರೆ ಬಂತು. ಕರ್ನಾಟಕದವನು, ಪಾಠ ಹೇಳುವವನು, ಯಾವ ತುದಿಗೂ ಸೇರದವನು ಅಂತ ನನ್ನ ಮೇಲೆ ಎಲ್ಲರಿಗೂ ವಿಶ್ವಾಸ. ಸಮೋಸ ಬಂತು, ಚಹಾ ಬಂತು. ಮಾತಿಗೆ ಮಾತು ಬೆಳೆದು ಮೀಟಿಂಗೇ ಹೊಡೆದಾಟ ಆಗುವ ಹಂತಕ್ಕೆ ಬಂದಾಗ ನಾನು ಎದ್ದು ನಿಂತೆ. ಅಯ್ಯೋ, ಯಾಕಾದರೂ ಎದ್ದೆನೋ!

ಎರಡು ಬಲಿಷ್ಠ ರಾಜ್ಯಗಳ ನಡುವೆ ಯಾರಿಗೂ ಸೇರದ ಜಾಗ ಒಂದಿದ್ದರೆ ಯುದ್ಧ ತಪ್ಪುತ್ತದೆ ಅಂತ ಶುರು ಮಾಡಿದೆ. ತಿರುವಿನ ಬಯಲನ್ನು ಎರಡೂ ಕಡೆಯವರು ಬಿಟ್ಟುಬಿಡಿ. ಅಲ್ಲಿ ಬಾವುಟ ಬೇಡ, ಬಾಕ್ಸು ಬೇಡ, ಗುಂಪು ಬೇಡ. ನಡುವೆ ಪೊಲೀಸರ ಒಂದು ಪಿಕೆಟ್, ಅಂದರೆ ಕಾವಲು ತಂಡ, ಕೂರಲಿ. ಅವರು ಬರುವುದಿಲ್ಲ ಅಂತ ಇವರಿಗೆ ಖಾತ್ರಿ, ಇವರು ಬರುವುದಿಲ್ಲ ಅಂತ ಅವರಿಗೆ ಖಾತ್ರಿ. ಮಸೀದಿ ಕಮಿಟಿಯ ಹಿರಿಯರು, "ವಾಹ್ ಪ್ರೊಫೆಸರ್ ಸಾಬ್!" ಅಂದರು. ಗಣಪತಿ ಮಂಡಳಿಯ ಅಧ್ಯಕ್ಷ ಎದ್ದು ಬಂದು ಕೈ ಕುಲುಕಿದ. ಇನ್‌ಸ್ಪೆಕ್ಟರು ನನಗೆ ಎರಡನೇ ಚಹಾ ತರಿಸಿದರು. ಆ ತಿರುವಿನ ಬಯಲು ಅಂದರೆ ಅಕ್ಕನ ಗಿರಣಿಯ ಅಂಗಳ ಅನ್ನುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗಿರಣಿ ಉಳಿಯಲಿ ಅಂತಲೇ ಹೇಳಿದ್ದೆ.

ಮೊದಲು ಬಂದದ್ದು ಒಂದು ಟೆಂಟು, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಅಕ್ಕ ತಾನೇ ಕಾನ್‌ಸ್ಟೇಬಲ್‌ಗಳಿಗೆ ಬಿಸಿರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಹಬ್ಬ ಮುಗಿಯಿತು, ಟೆಂಟು ಹೋಗಲಿಲ್ಲ. ಇನ್ನೊಂದು ಹಬ್ಬ ಬರುತ್ತದಲ್ಲ, ಇರಲಿ ಅಂದರು. ಆಮೇಲೆ ಚುನಾವಣೆ ಬಂತು. ಟೆಂಟಿನ ಜಾಗದಲ್ಲಿ ತಗಡಿನ ಶೆಡ್ ಬಂತು, ಶೆಡ್ಡಿಗೆ ಕೂಲರ್ ಬಂತು, ಸುತ್ತ ಕಬ್ಬಿಣದ ಬ್ಯಾರಿಕೇಡ್ ಬಂತು. ಗಿರಣಿಗೆ ಬರಬೇಕೆಂದರೆ ಬ್ಯಾರಿಕೇಡ್ ಸಂದಿಯಲ್ಲಿ ಡಬ್ಬಿ ಎತ್ತಿಕೊಂಡು ಅಡ್ಡಡ್ಡ ನುಸುಳಬೇಕು. ಕುಳಿತು ಮಾತಾಡುವ ಕಟ್ಟೆಯ ಮೇಲೆ ಪೊಲೀಸರ ಲಾಠಿ, ಹೆಲ್ಮೆಟ್. ಯಾವ ಹೆಂಗಸು ಬಂದಾಳು? ಸ್ಕೂಟರಿನಲ್ಲಿ ಜೋಳ ತರುವ ಗಂಡಸರಿಗೆ ನಿಲ್ಲಿಸಲು ಜಾಗವಿಲ್ಲ. ಎಲ್ಲಿ ಏನೇ ಆಗಲಿ, "ಅಮ್ಮಾ, ಇವತ್ತು ಶಟರ್ ಇಳಿಸಿ" ಅಂತ ಬೆಳಿಗ್ಗೆಯೇ ಅಪ್ಪಣೆ. ದೂರದ ಯಾವುದೋ ಎರಡು ದೇಶ ಗುಂಡು ಹಾರಿಸಿಕೊಂಡರೂ ನಮ್ಮಕ್ಕನ ಶಟರ್ ಕೆಳಗೆ!

ಆದರೆ ಕಲ್ಲು ಬೀಳಲಿಲ್ಲ. ಇದನ್ನು ಹೇಳಲೇಬೇಕು. ಆಮೇಲೆ ಆ ಗಲ್ಲಿಯಲ್ಲಿ ಒಂದೇ ಒಂದು ಕಲ್ಲು ಬೀಳಲಿಲ್ಲ.

ಅಕ್ಕ ನನ್ನ ಮನೆಗೆ ಬಂದಾಗಲೆಲ್ಲ ಇದೇ ಮಾತು. "ತಮ್ಮಾ, ನೀ ಹೇಳಿದ್ರ ಕೇಳ್ತಾರ. ನೀನ ಕುಂದರ್ಸಿದ್ದು, ನೀನ ಎಬ್ಬಿಸು."

"ಅಕ್ಕಾ, ಸ್ವಲ್ಪ ದಿನ ತಡಿ. ಎಲ್ಲಾ ತಣ್ಣಗಾಗಲಿ."

"ಇನ್ನೇನು ತಣ್ಣಗಾಗೂದೈತಿ? ನನ್ನ ಮಷಿನ್ನ ತಣ್ಣಗಾಗೈತಿ," ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದಳು. ನನ್ನ ಹೆಂಡತಿ ಊಟಕ್ಕೆ ನಿಲ್ಲಿಸಿಕೊಳ್ಳಲು ನೋಡಿದರೆ ನಿಲ್ಲುತ್ತಿರಲಿಲ್ಲ. ಒಂದು ಸಲ ಕುಳಿತು ಉಂಡರೆ ಅದೇ ರೂಢಿಯಾದೀತು ಅನ್ನುವ ಭಯ ಅವಳಿಗೆ. ನನಗೂ ಗೊತ್ತಿತ್ತು, ಗಿರಣಿ ನಿಂತರೆ ಅಕ್ಕ ನಮ್ಮ ಮನೆಗೆ ಬರುತ್ತಾಳೆ, ಬಂದ ದಿನವೇ ಅರ್ಧ ಸತ್ತಿರುತ್ತಾಳೆ ಅಂತ.

ಅದೇ ದಿನಗಳಲ್ಲಿ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಎರಡು ದೊಡ್ಡ ಗೋಲ, ನಡುವೆ ಒಂದು ಸಣ್ಣ ಗೋಲ ಬರೆದು, ಈ ಸಣ್ಣ ರಾಜ್ಯದಿಂದ ಶಾಂತಿ ಉಳಿಯಿತು ಅಂತ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಆ ಸಣ್ಣದರಲ್ಲಿ ಇದ್ದವರು ಏನಾದರು ಸಾರ್?" ಅಂತ ಕೇಳಿದಳು. ಸಿಲಬಸ್ಸಿನಲ್ಲಿ ಇಲ್ಲ, ಕೂತ್ಕೊ ಅಂತ ಗದರಿಬಿಟ್ಟೆ. ಪಾಪ, ನೌಕರಿಗಾಗಿ ಓದುವ ಹುಡುಗಿ. ಅವಳ ಮೇಲೆ ಯಾಕೆ ಸಿಟ್ಟಾಗಬೇಕಿತ್ತು?

ಮರುವಾರವೇ ಠಾಣೆಗೆ ಹೋದೆ. ಹಳೆಯ ಇನ್‌ಸ್ಪೆಕ್ಟರಿಗೆ ವರ್ಗವಾಗಿತ್ತು. ಹೊಸಬರು ತಾಳ್ಮೆಯಿಂದ ಕೇಳಿಸಿಕೊಂಡು, "ಮುಂದಿನ ಸಮಿತಿಯಲ್ಲಿ ಇಡಿ ಸಾರ್. ಎರಡೂ ಕಡೆಯವರು ಒಪ್ಪಿದರೆ ಆ ಕ್ಷಣವೇ ತೆಗೆಸುತ್ತೇನೆ" ಅಂತ ತೆಲುಗಿನಲ್ಲಿ ಹೇಳಿದರು. ನ್ಯಾಯವಾದ ಮಾತು. ನಾನು ಹಿಗ್ಗಿಹೋದೆ. ಇಬ್ಬರ ಮನೆಯ ಹಿಟ್ಟೂ ಅಕ್ಕನ ಗಿರಣಿಯದೇ ಆಗಿತ್ತಲ್ಲ, ಯಾರು ಬೇಡ ಅಂದಾರು?

ಸಮಿತಿ ಕೂಡಿತು. ನಾನು ಎದ್ದು ಅಕ್ಕನ ಪಾಡು ಹೇಳಿದೆ. ಶೆಡ್ ತೆಗೆದು, ಬೇಕಾದರೆ ಹಬ್ಬದ ದಿನ ಮಾತ್ರ ಪೊಲೀಸರು ಬರಲಿ ಅಂದೆ. ಗಣಪತಿ ಮಂಡಳಿಯ ಅಧ್ಯಕ್ಷ ಚಹಾದ ಕಪ್ಪು ನೋಡುತ್ತ, "ಇರಲಿ ಬಿಡಿ ಸಾರ್ ಅದು" ಅಂದ. ಮಸೀದಿಯ ಹಿರಿಯರು ಗಡ್ಡ ಸವರಿಕೊಂಡು ಉರ್ದುವಿನಲ್ಲಿ ಅದನ್ನೇ, "ರೆಹ್ನೇ ದೇವ್ ಸಾಬ್" ಅಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆ ಆಡಿಸಿದರು. ಅಷ್ಟು ವರ್ಷದಲ್ಲಿ ಆ ಇಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇನ್‌ಸ್ಪೆಕ್ಟರು ಕೈ ಅಗಲಿಸಿ ನನ್ನ ಕಡೆ ನೋಡಿದರು.

ಹೊರಗೆ ಬಂದ ಮೇಲೆ ಅಧ್ಯಕ್ಷನನ್ನು ಹಿಡಿದುಕೊಂಡೆ. ನಿನ್ನ ತಾಯಿ ಅಕ್ಕನ ಕಟ್ಟೆಯ ಮೇಲೆ ಕುಳಿತು ಮುದುಕಿಯಾದವರಪ್ಪಾ, ನಾಚಿಕೆ ಆಗುವುದಿಲ್ಲವೇ ಅಂತ ಬೈದೆ. ಅವನು ತಲೆ ತಗ್ಗಿಸಿದ. "ನನ್ನ ಹುಡುಗರು ನನ್ನ ಮಾತು ಕೇಳಲ್ಲ ಸಾರ್. ತಿರುವು ದಾಟಿ ಮುಂದೆ ಹೋಗೋಣ ಅಂತಾರೆ. ಬೇಡ ಅಂದರೆ ಹೇಡಿ ಅಂತಾರೆ. ಈಗ ಪೊಲೀಸರಿದ್ದಾರೆ ಅಂತ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಆ ಶೆಡ್ ಹೋದರೆ ನನಗೆ ಬೇರೆ ನೆಪ ಇಲ್ಲ." ಮಸೀದಿಯ ಹಿರಿಯರು ನನ್ನ ಹೆಗಲ ಮೇಲೆ ಕೈ ಇಟ್ಟು, "ಆಪಾಗೆ, ನಿಮ್ಮ ಅಕ್ಕನಿಗೆ, ತೊಂದರೆ ಆಗಿದೆ, ನನಗೂ ಗೊತ್ತು. ಆದರೆ ಆವತ್ತು ಹೊಲಿಗೆ ಬಿದ್ದದ್ದು ನನ್ನ ಮೊಮ್ಮಗನ ತಲೆಗೆ" ಅಂದರು. ಇಬ್ಬರಲ್ಲಿ ಯಾರಾದರೂ ಒಬ್ಬ ಕೆಟ್ಟವನಾಗಿದ್ದರೆ ಕಾಲರ್ ಹಿಡಿದಾದರೂ ಕೇಳುತ್ತಿದ್ದೆ. ಹಾಳಾಗಿ ಹೋಗಲಿ, ಇಬ್ಬರೂ ನಿಜ ಹೇಳುತ್ತಿದ್ದರು.

ಅಕ್ಕನಿಗೆ ಹೋಗಿ ಹೇಳಿದೆ. ಅವಳು ಜರಡಿ ಹಿಡಿಯುವುದನ್ನು ನಿಲ್ಲಿಸಲಿಲ್ಲ.

"ಅವರಿಬ್ರೂ ಬಡದಾಡಬಾರದಂತ ನಾ ಉಪಾಸ ಇರಬೇಕು. ಹೌದಲ್ಲೋ?"

"ಹಂಗಲ್ಲ ಅಕ್ಕಾ."

"ಮತ್ತ ಹೆಂಗ?"

ಇಪ್ಪತ್ತು ಮೂವತ್ತು ವರ್ಷ ಇದೇ ವಿಷಯ ಪಾಠ ಹೇಳಿದವನು, ಹಿಟ್ಟಿನ ಧೂಳಿನಲ್ಲಿ ಕೆಮ್ಮುತ್ತ ನಿಂತಿದ್ದೆ.

ಆಮೇಲೆ ಸಂಕ್ರಾಂತಿ ಬಂತು. ಭೋಗಿಗೆ ನಮ್ಮ ಕಡೆಯವರ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಆಗಲೇಬೇಕು. ಹೈದರಾಬಾದಿನ ಯಾವ ಮೂಲೆಯಲ್ಲಿದ್ದರೂ ಸಜ್ಜೆ ಬೀಸಿಸಲು ಅಕ್ಕನ ಹತ್ತಿರವೇ ಬರುತ್ತಿದ್ದರು. ಬಾಕಿ ಗಿರಣಿಯವರು ಗೋಧಿ ಬೀಸಿದ ಕಲ್ಲಿನಲ್ಲೇ ಸಜ್ಜೆ ಹಾಕುತ್ತಾರೆ ಅಂತ ಮೂಗು ಮುರಿಯುವ ಮಂದಿ. ಆ ಸಲ ಅಕ್ಕ ಸಾಲ ಮಾಡದೆ, ಕೂಡಿಟ್ಟಿದ್ದರಲ್ಲೇ ಹೊಸ ಕಲ್ಲು ಹಾಕಿಸಿದ್ದಳು. ಎಲ್ಲರಿಗೂ ಫೋನ್ ಮಾಡಿ, ಬರ್ರಿ, ನಾ ಬೀಸಿಕೊಡ್ತೀನಿ ಅಂತ ಹೇಳಿದ್ದಳು. ಈ ಒಂದು ವಾರ ನಡೆದರೆ ಗಿರಾಕಿ ತಿರುಗಿ ರೂಢಿಯಾಗುತ್ತಾರೆ ಅನ್ನುವುದು ಅವಳ ಲೆಕ್ಕಾಚಾರ.

ಭೋಗಿಯ ಹಿಂದಿನ ದಿನ ಬೆಳಿಗ್ಗೆ, ಊರಿನ ಇನ್ನೆಲ್ಲೋ ಏನೋ ಗಲಾಟೆ ಆಗಿದೆ ಅಂತ ಎಲ್ಲ ಪಿಕೆಟ್‌ಗಳಿಗೂ ಎಚ್ಚರಿಕೆ ಬಂತು. ಬ್ಯಾರಿಕೇಡ್‌ಗಳನ್ನು ಗಿರಣಿಯ ಬಾಗಿಲಿಗೇ ತಂದು ಜೋಡಿಸಿದರು. "ಅಮ್ಮಾ, ಶಟರ್." ಬ್ಯಾರಿಕೇಡಿನ ಆಚೆ ಹತ್ತಾರು ಹೆಂಗಸರು ಸಜ್ಜೆಯ ಚೀಲ ಹಿಡಿದು ನಿಂತಿದ್ದರು. ಒಬ್ಬೊಬ್ಬರೇ ತಿರುಗಿ ಹೋಗತೊಡಗಿದರು. ಅಕ್ಕ ನೋಡಿದಳು, ನೋಡಿದಳು, ಸೆರಗು ಸಿಕ್ಕಿಸಿಕೊಂಡಳು. ಬ್ಯಾರಿಕೇಡನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಅದು ಧಡಾರನೆ ಕಲ್ಲುಹಾಸಿನ ಮೇಲೆ ಬಿತ್ತು.

ಆ ಸದ್ದಿಗೆ ಗಲ್ಲಿಯ ಎರಡೂ ತುದಿಯಿಂದ ಹುಡುಗರು ಓಡಿ ಬಂದರು. ಇವರು ಶುರು ಮಾಡಿದರು ಅಂತ ಅವರು, ಅವರು ಶುರು ಮಾಡಿದರು ಅಂತ ಇವರು. ಕೆಲವರ ಕೈಯಲ್ಲಿ ಕೋಲು. ಬಂದು ನೋಡಿದರೆ ತಲೆತುಂಬ ಹಿಟ್ಟು ಮೆತ್ತಿದ ಒಬ್ಬ ಮುದುಕಿ, ಕೆಳಗೆ ಬಿದ್ದ ಬ್ಯಾರಿಕೇಡ್. ನಾನು ಹಬ್ಬದ ರಜೆ ಅಂತ ಆವತ್ತು ಅಲ್ಲೇ ಇದ್ದೆ. ಎರಡೂ ಗುಂಪಿನವರು ಎದುರುಬದುರು ನಿಂತರು. ಆ ಹಾಳು ಬಯಲಿನಲ್ಲಿ ಇಷ್ಟು ವರ್ಷದ ಮೇಲೆ ಮೊದಲ ಸಲ. ಯಾವನೋ ಕಿಸಕ್ಕನೆ ನಕ್ಕ. ಇನ್ನೊಬ್ಬನೂ ನಕ್ಕ. ಕೋಲುಗಳು ಕೆಳಗಿಳಿದವು. ಎಲ್ಲರೂ ಫೋನ್ ತೆಗೆದು ವಿಡಿಯೊ ಮಾಡಿಕೊಂಡು ಹೋದರು. ಪೊಲೀಸರು ಬ್ಯಾರಿಕೇಡ್ ಎತ್ತಿ ಮತ್ತೆ ಬಾಗಿಲಿಗೇ ನಿಲ್ಲಿಸುವಷ್ಟರಲ್ಲಿ ಸಜ್ಜೆಯ ಚೀಲದವರು ಒಬ್ಬರೂ ಉಳಿದಿರಲಿಲ್ಲ.

ಏನೂ ಆಗಲಿಲ್ಲ. ಆದರೆ ಏನಾದರೂ ಆಗಬಹುದಿತ್ತು ಅನ್ನುವುದು ಇನ್‌ಸ್ಪೆಕ್ಟರ ವಾದ. ಎರಡು ದಿನ ಬಿಟ್ಟು ಅಕ್ಕನನ್ನೂ ನನ್ನನ್ನೂ ಕರೆಸಿದರು. ಗಲಾಟೆ ಮಾಡುವ ಸಂಶಯ ಇದ್ದವರನ್ನು ಕರೆಸಿ, ಇನ್ನು ಮುಂದೆ ಶಾಂತಿ ಕದಡುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಳ್ಳುತ್ತಾರಲ್ಲ, ಇಲ್ಲಿಯ ಪೇಪರಿನಲ್ಲಿ ಹಬ್ಬಕ್ಕೆ ಮುಂಚೆ ದಿನಾ ಬರುವ ಬೈಂಡೋವರ್, ಅದು. ರೌಡಿಗಳಿಗೆ ಮಾಡುವುದು. ಅಕ್ಕನಿಗೆ ಮಾಡಿದರು. ಅರವತ್ತು ದಾಟಿದ ನಮ್ಮಕ್ಕ ಇಳಕಲ್ ಸೀರೆ ಉಟ್ಟು ಬೆಂಚಿನ ಮೇಲೆ ಕುಳಿತಿದ್ದಳು.

"ಕಲ್ಲು ಎಸೆದವರನ್ನು ಯಾರನ್ನಾದರೂ ಬೈಂಡೋವರ್ ಮಾಡಿದ್ದೀರಾ ಸಾರ್?" ಅಂತ ಕೇಳಿದೆ. ನನ್ನ ದನಿ ಏರಿತ್ತು.

"ಅವರು ಈಗ ಸುಮ್ಮನಿದ್ದಾರಲ್ಲ ಸಾರ್," ಅಂದರು ಇನ್‌ಸ್ಪೆಕ್ಟರು. ವ್ಯಂಗ್ಯ ಏನೂ ಇಲ್ಲ, ಸಾದಾ ಮಾತು. "ಆ ಗಲ್ಲಿಯಿಂದ ಈ ವರ್ಷ ಇವರೊಬ್ಬರೇ. ಗಿರಣಿ ನಡೆಸಲಿ, ಯಾರೂ ಬೇಡ ಅಂದಿಲ್ಲ. ಬ್ಯಾರಿಕೇಡ್ ಮುಟ್ಟಬಾರದು, ಅಷ್ಟೇ. ನೀವು ಜಾಮೀನುದಾರರಾಗಿ ಸಹಿ ಹಾಕಿ."

ನಾನು ಸಹಿ ಹಾಕಿದೆ. ಹಾಕದಿದ್ದರೆ ಅವಳನ್ನು ಮನೆಗೆ ಕಳಿಸುತ್ತಿರಲಿಲ್ಲ. ಅಕ್ಕನೂ ಕನ್ನಡದಲ್ಲಿ ನಿಧಾನವಾಗಿ ತನ್ನ ಹೆಸರು ಬರೆದಳು. ಹೊರಗೆ ಬಂದು ಆಟೊ ಕಾಯುತ್ತ ನಿಂತೆವು. ಅವಳ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಕಣ್ಣಲ್ಲಿ ಹಳೆಯ ಕಿಡಿ ಇನ್ನೂ ಇತ್ತು. ನಾಳೆ ಬೆಳಿಗ್ಗೆ ಮತ್ತೆ ಎಳೆದು ಕೆಡವುತ್ತಾಳೆ ಅಂತ ನನಗೆ ಖಾತ್ರಿಯಾಯಿತು. ನಿಜ ಹೇಳುತ್ತೇನೆ, ಕೆಡವಲಿ ಅನ್ನಿಸಿತು.

"ತಮ್ಮಾ," ಅಂದಳು. "ನೀ ಯಾಕ ಸಹಿ ಮಾಡಿದಿ?"

"ಜಾಮೀನಿಗೆ ಅಕ್ಕಾ."

"ಅಂದ್ರ, ನಾ ಮತ್ತ ಅದನ್ನ ಕೆಡವಿದ್ರ?"

"ನನ್ನನ್ನೂ ಕರೀತಾರ."

"ನಿನ್ನ ನೌಕರಿಗೆ ತ್ರಾಸು ಆಗತೈತೇನು?"

ಸುಳ್ಳು ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ. "ಆಗಬಹುದು," ಅಂದೆ.

ಆಟೊ ಬಂದು ನಿಂತಿತು. ಅವಳು ಹತ್ತಲಿಲ್ಲ. ರಸ್ತೆಯ ಆಚೆ ನೋಡಿದಳು. ಕಣ್ಣಲ್ಲಿದ್ದದ್ದು ಆರಿಹೋಯಿತು. ನಾನು ನೋಡುತ್ತಿದ್ದ ಹಾಗೇ ಆರಿಹೋಯಿತು.

"ಹಂಗಾರ ಮಷಿನ್ನಿಗೆ ಗಿರಾಕಿ ಹುಡುಕು," ಅಂದಳು. "ಮೋಟಾರ್ ಹಳೇದೈತಿ ಅಂತ ಮೊದಲ ಹೇಳಿಬಿಡು. ಕಲ್ಲಷ್ಟ ಹೊಸಾವು."